ಎರಡು ಪದ ಸೇರಿಸಿದ್ದಕ್ಕೆ ಒಬ್ಬಳು ರಾಣಿಯಾದಳು

ಹೋದ ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ ಒಂದು ಕೆಲಸ ಹೇಳಿದರು. "ನಾಳೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಬೇಕು. ನಿಮ್ಮಕ್ಕನೂ ಬರ್ತಾಳೆ. ಒಂದು ಸೈನು, ಅಷ್ಟೇ."

ನಮ್ಮದು ಮೂರೂವರೆ ಎಕರೆ ತೆಂಗಿನ ತೋಟ. ತಾತನಿಂದ ಬಂದದ್ದು. ಅದನ್ನು ಅಣ್ಣನ ಮತ್ತು ನನ್ನ ಹೆಸರಿಗೆ ಮಾಡಿಬಿಟ್ಟರೆ ತಮ್ಮ ಜವಾಬ್ದಾರಿ ಮುಗೀತು ಅನ್ನೋದು ಅಪ್ಪನ ಲೆಕ್ಕ. ಅದಕ್ಕೆ ಅಕ್ಕ "ನನ್ನ ಪಾಲು ನನಗೆ ಬೇಡ" ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ನಡೆಯೋದೇ ಇದು. ಯಾರೂ ಇದನ್ನು ಅನ್ಯಾಯ ಅಂತ ಕರೆಯಲ್ಲ. ಅರಿಶಿನ ಕುಂಕುಮ ಕೊಟ್ಟು ಸೀರೆ ಉಡಿಸಿ ಕಳಿಸ್ತಾರೆ.

ಪತ್ರ ಬರೆಯೋರ ಅಂಗಡಿಯಲ್ಲಿ ಪ್ರಿಂಟ್ ಔಟ್ ಕೊಟ್ಟರು. "ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ" ಅನ್ನೋ ಸಾಲು ಅದರಲ್ಲಿತ್ತು. ಅಕ್ಕ ಅದನ್ನು ನಿಧಾನವಾಗಿ ಓದಿದಳು, ಮಡಚಿ ಕೈಯಲ್ಲಿ ಇಟ್ಟುಕೊಂಡಳು, ಏನೂ ಹೇಳಲಿಲ್ಲ. ಅವತ್ತು ಸರ್ವರ್ ಡೌನ್ ಇತ್ತು. ಸಂಜೆ ನಾಲ್ಕರವರೆಗೆ ಕಾದು ವಾಪಸ್ ಬಂದೆವು. ಅಕ್ಕ ಅಲ್ಲಿಂದಲೇ ಬಸ್ ಹತ್ತಿದಳು.

ನನಗೆ ಇತಿಹಾಸ ಓದೋ ಚಟ. ಹಗಲು ಹೊತ್ತು ಕೋಡ್, ರಾತ್ರಿ ಹೊತ್ತು ಯಾವುದಾದರೂ ಸತ್ತ ರಾಜರ ಕಥೆ. ಬೆಂಗಳೂರಿಗೆ ಬರೋ ಟ್ರೈನಿನಲ್ಲಿ ಇಂಗ್ಲೆಂಡಿನ ಟ್ಯೂಡರ್ ವಂಶದ ಬಗ್ಗೆ ಓದ್ತಾ ಇದ್ದೆ. ಅಲ್ಲಿ ಒಂದು ಕಾಗದದ ಫೋಟೋ ಇತ್ತು. 1553ರಲ್ಲಿ ಸಾಯುತ್ತಾ ಮಲಗಿದ್ದ ಹದಿನೈದು ವರ್ಷದ ಹುಡುಗನೊಬ್ಬ ಸ್ವಂತ ಕೈಯಲ್ಲಿ ಬರೆದ ಕಾಗದ. ಅದರಲ್ಲಿ ಒಂದು ಕಡೆ ಹೊಡೆದುಹಾಕಿ, ಮೇಲೆ ಎರಡು ಚಿಕ್ಕ ಪದ ಸೇರಿಸಿದ್ದಾನೆ. ಆ ಎರಡು ಪದದಿಂದ ಒಬ್ಬಳು ರಾಣಿಯಾದಳು, ಏಳು ತಿಂಗಳಾದ ಮೇಲೆ ಅವಳ ತಲೆಯೂ ಹೋಯಿತು. ಟ್ರೈನ್ ಇಳಿಯೋವರೆಗೂ ಅದೇ ಫೋಟೋ ನೋಡ್ತಾ ಕೂತಿದ್ದೆ.

ಆ ಕಾಗದಕ್ಕೆ ಬರ್ತೀನಿ. ಅದಕ್ಕೆ ಮುಂಚೆ ನಾಲ್ಕು ಶತಮಾನ ಹಿಂದಕ್ಕೆ ಹೋಗಬೇಕು.

*

ಇಂಗ್ಲೆಂಡ್ ಅಂದರೆ ನಮಗೆ ರಾಣಿಯರ ದೇಶ. ವಿಕ್ಟೋರಿಯಾ 63 ವರ್ಷ ಆಳಿದಳು, ಎರಡನೇ ಎಲಿಜಬೆತ್ 70 ವರ್ಷ. ಹಾಗಾಗಿ ಅಲ್ಲಿ ಹೆಣ್ಣುಮಕ್ಕಳು ಸಿಂಹಾಸನಕ್ಕೆ ಬರೋದು ಮೊದಲಿನಿಂದಲೂ ಸಲೀಸಾಗಿತ್ತು ಅಂದುಕೊಳ್ತೀವಿ. ನಿಜ ಏನಂದರೆ, ಸ್ವಂತ ಹಕ್ಕಿನಿಂದ ಕಿರೀಟ ತೊಟ್ಟ ಮೊದಲ ಹೆಣ್ಣು ಅಲ್ಲಿ ಬಂದದ್ದು 1553ರಲ್ಲಿ. 1066ರಿಂದ ಲೆಕ್ಕ ಹಾಕಿದರೂ ಸುಮಾರು ಐನೂರು ವರ್ಷ ಬರೀ ಗಂಡಸರೇ.

ಹೆಣ್ಣು ಆಳಬಾರದು ಅಂತ ಇಂಗ್ಲೆಂಡಿನಲ್ಲಿ ಯಾವ ಕಾನೂನೂ ಇರಲಿಲ್ಲ. ಆಳಬಹುದು ಅಂತಲೂ ಇರಲಿಲ್ಲ. ಹೆಣ್ಣಿನ ಮೂಲಕ ಹಕ್ಕು ಹರಿದುಹೋಗಬಹುದು, ಆದರೆ ಅವಳ ಹತ್ತಿರ ನಿಲ್ಲಬಾರದು ಅನ್ನೋದು ರೂಢಿ. ಒಂದು ಥರ ನಾಲೆ ಇದ್ದ ಹಾಗೆ. ನೀರು ನಾಲೆಯಲ್ಲೇ ಹೋಗಬೇಕು, ಆದರೆ ನಾಲೆಯಲ್ಲಿ ಯಾರೂ ಪೈರು ಹಾಕಲ್ಲ.

ಈ ರೂಢಿಗೆ ಮೊದಲು ಡಿಕ್ಕಿ ಹೊಡೆದವಳು ಮಟಿಲ್ಡಾ. ಇವಳು ಒಂದನೇ ಹೆನ್ರಿಯ ಮಗಳು. ಹೆನ್ರಿಗೆ ಮದುವೆಯಾಚೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿದ್ದರು, ಆದರೆ ಕಾನೂನುಬದ್ಧ ಸಂತಾನ ಅಂತ ಉಳಿದಿದ್ದು ಇಬ್ಬರೇ, ಮಟಿಲ್ಡಾ ಮತ್ತು ತಮ್ಮ ವಿಲಿಯಂ. 1120ರ ನವೆಂಬರ್ 25ರ ರಾತ್ರಿ ಫ್ರಾನ್ಸ್ ಕರಾವಳಿಯಿಂದ 'ವೈಟ್ ಶಿಪ್' ಅನ್ನೋ ಹಡಗು ಹೊರಟಿತು. ಹಡಗಿನ ತುಂಬ ಯುವರಾಜ ಮತ್ತು ಅವನ ಶ್ರೀಮಂತ ಗೆಳೆಯರು, ಎಲ್ಲರೂ ಕುಡಿದಿದ್ದರು. ಬಂಡೆಗೆ ಬಡಿದು ಮುಳುಗಿತು. ಸುಮಾರು ಮುನ್ನೂರು ಜನರಲ್ಲಿ ಬದುಕುಳಿದವನು ಒಬ್ಬ ಕಟುಕ ಮಾತ್ರ. ಹದಿನೇಳರ ವಿಲಿಯಂ ನೀರು ಪಾಲಾದ.

ಹೆನ್ರಿ ಮತ್ತೆ ಮದುವೆಯಾದ, ಮಕ್ಕಳಾಗಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ, 1127ರಲ್ಲಿ ತನ್ನ ಆಸ್ಥಾನದ ದೊಡ್ಡ ಮನುಷ್ಯರನ್ನೆಲ್ಲ ಸೇರಿಸಿ "ನನ್ನ ನಂತರ ಮಟಿಲ್ಡಾಳನ್ನು ಒಪ್ಪಿಕೊಳ್ತೀವಿ" ಅಂತ ಆಣೆ ಮಾಡಿಸಿದ. ಆಣೆ ಮಾಡಿದವರಲ್ಲಿ ಅವನ ಸೋದರಿಯ ಮಗ ಸ್ಟೀಫನ್ ಕೂಡ ಇದ್ದ. ಈ ಸ್ಟೀಫನ್ನನೂ ವೈಟ್ ಶಿಪ್ ಹತ್ತಿದ್ದ, ಹೊರಡೋ ಮುಂಚೆ ಇಳಿದುಬಿಟ್ಟಿದ್ದ ಅಂತ ಅಂದಿನ ಚರಿತ್ರೆಕಾರರು ಬರೆದಿದ್ದಾರೆ.

1135ರ ಡಿಸೆಂಬರ್ 1ಕ್ಕೆ ಹೆನ್ರಿ ಸತ್ತ. ಡಿಸೆಂಬರ್ 22ಕ್ಕೆ ಸ್ಟೀಫನ್ ತಲೆ ಮೇಲೆ ಕಿರೀಟ! ಮೂರು ವಾರದಲ್ಲಿ ಆಣೆ ಗಾಳಿಗೆ ಹೋಯಿತು. ಮಟಿಲ್ಡಾ ಆಗ ಫ್ರಾನ್ಸಿನಲ್ಲಿದ್ದಳು, ಗರ್ಭಿಣಿ ಬೇರೆ.

ಅವಳು ಸುಮ್ಮನಿರಲಿಲ್ಲ. 1139ರಲ್ಲಿ ಇಂಗ್ಲೆಂಡಿಗೆ ಬಂದಳು. 1141ರ ಫೆಬ್ರವರಿಯಲ್ಲಿ ಲಿಂಕನ್ ಯುದ್ಧದಲ್ಲಿ ಅವಳ ಕಡೆಯವರು ಸ್ಟೀಫನ್‌ನನ್ನೇ ಸೆರೆ ಹಿಡಿದರು. ದಾರಿ ಸಲೀಸಾಯಿತು. ಆದರೆ ಅವಳನ್ನು ಏನಂತ ಕರೆಯೋದು? ರಾಣಿ ಅಂದರೆ ರಾಜನ ಹೆಂಡತಿ. ಸ್ವಂತವಾಗಿ ಆಳೋ ಹೆಣ್ಣಿಗೆ ಪದವೇ ಇರಲಿಲ್ಲ. ಅದಕ್ಕೆ 'ಆಂಗ್ಲರ ಒಡತಿ' ಅನ್ನೋ ಬಿರುದು ಇಟ್ಟುಕೊಂಡಳು. ಪಟ್ಟಾಭಿಷೇಕದ ತಯಾರಿಗೆ ಅಂತ ಲಂಡನ್ ಹತ್ತಿರದ ವೆಸ್ಟ್‌ಮಿನ್‌ಸ್ಟರ್‌ಗೆ ಹೋದಳು. ಜನರಿಂದ ಹಣ ಕೇಳಿದಳು, ಗಡುಸಾಗಿ ಮಾತಾಡಿದಳು. ಜೂನ್ 24ರಂದು ಲಂಡನ್ ಜನ ಗಂಟೆ ಬಾರಿಸಿ ಎದ್ದುಬಂದು ಅವಳನ್ನು ಓಡಿಸಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಆಗ ಸ್ಟೀಫನ್ ಪರವಾಗಿ ಸೈನ್ಯ ಕಟ್ಟಿಕೊಂಡು ಲಂಡನ್ ಬಾಗಿಲಿಗೆ ಬಂದವಳೂ ಒಬ್ಬ ಹೆಂಗಸೇ, ಅವನ ಹೆಂಡತಿ. ಅವಳ ಹೆಸರೂ ಮಟಿಲ್ಡಾ! ಸ್ಟೀಫನ್ ಕಡೆಯ ಚರಿತ್ರೆಕಾರರು ಅವಳ ಧೈರ್ಯವನ್ನು ಹೊಗಳ್ತಾರೆ, ಇವಳನ್ನು ಸೊಕ್ಕಿನವಳು ಅಂತ ಬಯ್ತಾರೆ. ಗಂಡನಿಗಾಗಿ ಯುದ್ಧ ಮಾಡಿದರೆ ಪತಿವ್ರತೆ, ತನಗಾಗಿ ಮಾಡಿದರೆ ಗಯ್ಯಾಳಿ. ಆಫೀಸಿನ ಅಪ್ರೈಸಲ್ ಮೀಟಿಂಗ್‌ನಲ್ಲಿ ಟೀಮ್ ಲೀಡ್ ಹುಡುಗಿಯರ ಬಗ್ಗೆ ಬರೋ ಫೀಡ್‌ಬ್ಯಾಕ್ ನೆನಪಾದರೆ ಅದು ನನ್ನ ತಪ್ಪಲ್ಲ.

ಮಟಿಲ್ಡಾಗೆ ಕಿರೀಟ ಸಿಗಲೇ ಇಲ್ಲ. 1142ರ ಡಿಸೆಂಬರ್‌ನಲ್ಲಿ ಆಕ್ಸ್‌ಫರ್ಡ್ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕಿಕೊಂಡವಳು, ಹಿಮದಲ್ಲಿ ಕಾಣಬಾರದು ಅಂತ ಬಿಳಿ ಬಟ್ಟೆ ಹೊದ್ದು, ಹೆಪ್ಪುಗಟ್ಟಿದ ನದಿ ದಾಟಿ ತಪ್ಪಿಸಿಕೊಂಡಳು. ಕೊನೆಗೆ ಒಪ್ಪಂದ ಆಯಿತು. ಸ್ಟೀಫನ್ ಸತ್ತ ಮೇಲೆ ಮಟಿಲ್ಡಾಳ ಮಗ ರಾಜ. 1154ರಲ್ಲಿ ಅವನು ಎರಡನೇ ಹೆನ್ರಿಯಾದ. ನಾಲೆಯಲ್ಲಿ ನೀರು ಹರಿಯಿತು. ಅವಳ ಸಮಾಧಿ ಮೇಲಿನ ಬರಹದಲ್ಲೂ ಅವಳನ್ನು ಗುರುತಿಸಿದ್ದು ಹೆನ್ರಿಯ ಮಗಳು, ಹೆನ್ರಿಯ ಹೆಂಡತಿ, ಹೆನ್ರಿಯ ತಾಯಿ ಅಂತಲೇ. ಮೂವರು ಬೇರೆ ಬೇರೆ ಹೆನ್ರಿಗಳು.

ಮುನ್ನೂರು ವರ್ಷ ಕಳೆದರೂ ಇದೇ ಕಥೆ. 1485ರಲ್ಲಿ ಏಳನೇ ಹೆನ್ರಿ ಟ್ಯೂಡರ್ ವಂಶ ಶುರು ಮಾಡಿದ. ಅವನಿಗೆ ಸಿಂಹಾಸನದ ಹಕ್ಕು ಬಂದದ್ದು ತಾಯಿ ಮಾರ್ಗರೆಟ್ ಬೋಫರ್ಟ್ ಕಡೆಯಿಂದ. ಆ ತಾಯಿ ಆಗ ಬದುಕಿದ್ದಳು, 1509ರವರೆಗೂ ಬದುಕಿದ್ದಳು. "ಹಕ್ಕು ನಿಮ್ಮದಲ್ವಾ, ನೀವೇ ಕೂತ್ಕೊಳ್ಳಿ ತಾಯಿ" ಅಂತ ಯಾರೂ ಅನ್ನಲಿಲ್ಲ.

*

ಈಗ ಆ ಕಾಗದಕ್ಕೆ ಬರೋಣ.

ಎಂಟನೇ ಹೆನ್ರಿಯ ಆರು ಮದುವೆ ಕಥೆ ನಿಮಗೆ ಗೊತ್ತಿರುತ್ತೆ. ಅಷ್ಟೆಲ್ಲ ರಾದ್ಧಾಂತ ಮಾಡಿದ್ದರ ಹಿಂದೆ ಗಂಡು ಮಗು ಬೇಕು ಅನ್ನೋ ಹಟ ದೊಡ್ಡದಾಗಿತ್ತು. ಮೊದಲ ಹೆಂಡತಿಯ ಮಗಳು ಮೇರಿ, ಎರಡನೇ ಹೆಂಡತಿಯ ಮಗಳು ಎಲಿಜಬೆತ್. ಇಬ್ಬರನ್ನೂ ಕಾನೂನು ಪ್ರಕಾರ ಅಕ್ರಮ ಸಂತಾನ ಅಂತ ಘೋಷಿಸಿದ. ಮೂರನೇ ಹೆಂಡತಿಗೆ ಎಡ್ವರ್ಡ್ ಹುಟ್ಟಿದ. 1544ರಲ್ಲಿ ಹೆನ್ರಿ ಇನ್ನೊಂದು ಕಾಯ್ದೆ ಮಾಡಿಸಿ, ಎಡ್ವರ್ಡ್ ನಂತರ ಮೇರಿ, ಅವಳ ನಂತರ ಎಲಿಜಬೆತ್ ಅಂತ ಇಬ್ಬರನ್ನೂ ಸಾಲಿಗೆ ಸೇರಿಸಿದ. ಆದರೆ ಅಕ್ರಮ ಸಂತಾನ ಅನ್ನೋ ಹಣೆಪಟ್ಟಿ ತೆಗೆಯಲಿಲ್ಲ. ಬಗ್ ಹಾಗೇ ಇಟ್ಟು ಮೇಲೊಂದು ಪ್ಯಾಚ್ ಹಾಕಿದ ಹಾಗೆ.

ಎಡ್ವರ್ಡ್ ಒಂಬತ್ತನೇ ವಯಸ್ಸಿಗೆ ರಾಜನಾದ. 1553ರ ಹೊತ್ತಿಗೆ ಅವನಿಗೆ ಶ್ವಾಸಕೋಶದ ಕಾಯಿಲೆ. ಅವನು ಕಟ್ಟಾ ಪ್ರೊಟೆಸ್ಟೆಂಟ್, ಅಕ್ಕ ಮೇರಿ ಕಟ್ಟಾ ಕ್ಯಾಥೊಲಿಕ್. ಅವಳ ಕೈಗೆ ದೇಶ ಹೋಗಬಾರದು ಅಂತ ತನ್ನದೇ ಉತ್ತರಾಧಿಕಾರದ ಯೋಜನೆ ಬರೆದ. ಇಬ್ಬರು ಅಕ್ಕಂದಿರನ್ನೂ ಬಿಟ್ಟು, ಸೋದರತ್ತೆಯ ವಂಶಕ್ಕೆ ಹೋದ. ಅಲ್ಲಿ ಇನ್ನೊಂದು ತಮಾಷೆ ಕಾದಿತ್ತು. ಆ ವಂಶದಲ್ಲೂ ಎಲ್ಲ ಹೆಣ್ಣುಮಕ್ಕಳೇ! ಫ್ರಾನ್ಸೆಸ್, ಅವಳ ಮಕ್ಕಳು ಜೇನ್, ಕ್ಯಾಥರೀನ್, ಮೇರಿ. ಸ್ಕಾಟ್ಲೆಂಡ್ ಕಡೆ ನೋಡಿದರೆ ಅಲ್ಲೂ ಇನ್ನೊಬ್ಬಳು ಮೇರಿ. ಇಡೀ ಲಿಸ್ಟಿನಲ್ಲಿ ಮುಂದೆ ಇದ್ದವರೆಲ್ಲ ಹೆಂಗಸರು.

ಎಡ್ವರ್ಡ್ ಏನು ಬರೆದ ಗೊತ್ತಾ? ಕಿರೀಟ "ಜೇನ್‌ಳ ಗಂಡು ಸಂತಾನಕ್ಕೆ" ಅಂತ. ಜೇನ್ ಗ್ರೇಗೆ ಆಗ ಹದಿನಾರೋ ಹದಿನೇಳೋ. ಮಕ್ಕಳೇ ಇಲ್ಲ. ಇನ್ನೂ ಹುಟ್ಟದ ಗಂಡಿಗೆ ಸಿಂಹಾಸನ ಬರೆದ, ಎದುರಿಗೆ ಜೀವಂತ ಇರೋ ಹೆಣ್ಣಿಗೆ ಬರೆಯಲಿಲ್ಲ. ಗಂಡು ಹುಟ್ಟೋವರೆಗೂ ತಾನು ಬದುಕಿರ್ತೀನಿ ಅಂದುಕೊಂಡಿದ್ದ. ಜೂನ್ ಹೊತ್ತಿಗೆ ಅದು ಆಗಲ್ಲ ಅಂತ ಗೊತ್ತಾಯಿತು. ಆಗ ಅದೇ ಕಾಗದ ತೆಗೆದು, ಒಂದು ಅಕ್ಷರ ಹೊಡೆದು, ಸಾಲಿನ ಮೇಲೆ ಎರಡು ಪದ ಸೇರಿಸಿದ. "ಜೇನ್‌ಗೆ ಮತ್ತು ಅವಳ ಗಂಡು ಸಂತಾನಕ್ಕೆ."

ಮತ್ತು ಅವಳ. ಅಷ್ಟೇ. ಪ್ರೊಡಕ್ಷನ್‌ಗೆ ರಾತ್ರೋರಾತ್ರಿ ಹಾಕೋ ಹಾಟ್‌ಫಿಕ್ಸ್‌ಗಳನ್ನು ನಾನೂ ಹಾಕಿದ್ದೀನಿ. ಎರಡು ಪದದ ಬದಲಾವಣೆ, ಟೆಸ್ಟಿಂಗ್ ಇಲ್ಲ, ಮೇಲಿನವರು ನಿಂತು ಅವಸರ ಮಾಡ್ತಿರ್ತಾರೆ. ಇಲ್ಲಿ ಮೇಲೆ ನಿಂತಿದ್ದವನು ನಾರ್ಥಂಬರ್‌ಲ್ಯಾಂಡ್‌ನ ಡ್ಯೂಕ್. ಆ ಮೇ ತಿಂಗಳಲ್ಲಷ್ಟೇ ತನ್ನ ಮಗ ಗಿಲ್‌ಫರ್ಡ್‌ನನ್ನು ಜೇನ್‌ಗೆ ಮದುವೆ ಮಾಡಿಸಿದ್ದ.

ಜುಲೈ 6ಕ್ಕೆ ಎಡ್ವರ್ಡ್ ಸತ್ತ. 9ನೇ ತಾರೀಕು ಜೇನ್‌ಳನ್ನು ಕರೆಸಿ "ನೀನೇ ರಾಣಿ" ಅಂದರು. ಅವಳು ಅತ್ತಳು, ತನಗೆ ಬೇಡ, ಮೇರಿಗೆ ಸೇರಬೇಕಾದ್ದು ಅಂದಳು. ಸುತ್ತ ನಿಂತಿದ್ದ ಅಪ್ಪ, ಅಮ್ಮ, ಮಾವ, ಗಂಡ ಎಲ್ಲರೂ ಸೇರಿ ಒಪ್ಪಿಸಿದರು. ಆ ಕಾಗದ ತಿದ್ದೋವಾಗ ಅವಳನ್ನು ಯಾರೂ ಕೇಳಿರಲಿಲ್ಲ.

ಆದರೂ ಹುಡುಗಿ ಬೊಂಬೆಯಾಗಿರಲಿಲ್ಲ. ಗ್ರೀಕ್, ಹೀಬ್ರೂ ಓದಿದ್ದವಳು. ಗಂಡನನ್ನು ರಾಜ ಅಂತ ಘೋಷಿಸು ಅಂದಾಗ ಆಗಲ್ಲ ಅಂದಳು. ಬೇಕಿದ್ದರೆ ಡ್ಯೂಕ್ ಮಾಡ್ತೀನಿ, ರಾಜ ಮಾಡೋಕೆ ಪಾರ್ಲಿಮೆಂಟ್ ಬೇಕು ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟಳು. ಗಂಡ ಮತ್ತು ಅತ್ತೆ ಮುನಿಸಿಕೊಂಡರು.

ಅತ್ತ ಮೇರಿ ಸಫೋಕ್‌ನ ಫ್ರಾಮ್ಲಿಂಗ್‌ಹ್ಯಾಮ್ ಕೋಟೆಯಲ್ಲಿ ಜನ ಸೇರಿಸಿದಳು. ಹಳ್ಳಿಗಳಿಂದ, ಸಣ್ಣ ಜಮೀನುದಾರರ ಮನೆಗಳಿಂದ ಸಾವಿರಾರು ಜನ ಬಂದರು. ಹೆನ್ರಿಯ ಮಗಳು ಹೆನ್ರಿಯ ಮಗಳೇ ಅನ್ನೋದು ಅವರ ಲೆಕ್ಕ. ಜುಲೈ 19ಕ್ಕೆ ಲಂಡನ್‌ನ ಮಂತ್ರಿಮಂಡಲ ಮಗ್ಗುಲು ಬದಲಿಸಿ ಮೇರಿಯನ್ನು ರಾಣಿ ಅಂತ ಸಾರಿತು. ಜುಲೈ 10ರಂದು ಶುರುವಾದ ಜೇನ್ ಆಳ್ವಿಕೆ ಒಂಬತ್ತೇ ದಿನಕ್ಕೆ ಮುಗೀತು. ಮೇರಿ ಮೊದಲು ಅವಳ ಜೀವ ಉಳಿಸಿದ್ದಳು. ಮರುವರ್ಷ ದಂಗೆಯೊಂದರಲ್ಲಿ ಜೇನ್‌ಳ ಅಪ್ಪ ಸೇರಿಕೊಂಡ. ಅಪ್ಪ ಮಾಡಿದ್ದಕ್ಕೆ ಮಗಳೂ ಬೆಲೆ ತೆತ್ತಳು. 1554ರ ಫೆಬ್ರವರಿ 12ರಂದು ಟವರ್ ಆಫ್ ಲಂಡನ್‌ನಲ್ಲಿ ಅವಳ ತಲೆ ತೆಗೆದರು.

*

ಮೇರಿಯನ್ನು ಇವತ್ತು 'ಬ್ಲಡಿ ಮೇರಿ' ಅಂತ ಕರೀತಾರೆ. ಬಹಳಷ್ಟು ಜನಕ್ಕೆ ಅದು ಕಾಕ್‌ಟೇಲ್ ಹೆಸರು. ಅವಳ ಐದು ವರ್ಷದ ಆಳ್ವಿಕೆಯಲ್ಲಿ ಸುಮಾರು 280 ಪ್ರೊಟೆಸ್ಟೆಂಟರನ್ನು ಜೀವಂತ ಸುಟ್ಟರು. ಅದನ್ನು ಮುಚ್ಚಿಡೋಕಾಗಲ್ಲ, ಸಮರ್ಥಿಸೋಕಂತೂ ಆಗಲ್ಲ. ಆದರೆ ಅದರ ಹೊಗೆಯಲ್ಲಿ ಅವಳು ಮಾಡಿದ ಇನ್ನೊಂದು ಕೆಲಸ ಮರೆತುಹೋಗಿದೆ.

ಇಂಗ್ಲೆಂಡಿನ ಹಳೇ ಕಾನೂನುಗಳಲ್ಲೆಲ್ಲ 'ರಾಜ' ಅಂತಲೇ ಬರೆದಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹಾರ್ಡ್‌ಕೋಡ್ ಆಗಿತ್ತು. ರಾಣಿಗೆ ಆ ಅಧಿಕಾರಗಳು ಇವೆಯೋ ಇಲ್ಲವೋ? ರಾಜನಿಗಿರೋ ಕಟ್ಟುಪಾಡುಗಳು ಅವಳಿಗೂ ಇವೆಯೋ? ಅವಳು ಮದುವೆಯಾದರೆ ಹೆಂಡತಿಯ ಆಸ್ತಿ ಗಂಡನಿಗೆ ಹೋಗೋ ಹಾಗೆ ದೇಶವೂ ಹೋಗುತ್ತಾ? 1554ರ ಏಪ್ರಿಲ್‌ನಲ್ಲಿ ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡಿತು. ರಾಜಾಧಿಕಾರ ಗಂಡಿನಲ್ಲಿರಲಿ ಹೆಣ್ಣಿನಲ್ಲಿರಲಿ ಒಂದೇ, ರಾಜರಿಗೆ ಇದ್ದದ್ದೆಲ್ಲ ರಾಣಿಗೂ ಪೂರ್ತಿಯಾಗಿ ಇದೆ ಅನ್ನೋದು ಅದರ ಸಾರ. ಅದೇ ವರ್ಷ ಜುಲೈನಲ್ಲಿ ಅವಳು ಸ್ಪೇನಿನ ಫಿಲಿಪ್‌ನನ್ನು ಮದುವೆಯಾದಳು. ಮದುವೆ ಒಪ್ಪಂದದಲ್ಲಿ ಫಿಲಿಪ್‌ಗೆ ರಾಜ ಅನ್ನೋ ಹೆಸರು ಸಿಕ್ಕಿತು. ಆದರೆ ಇಂಗ್ಲೆಂಡಿನ ಹುದ್ದೆಗಳನ್ನು ಅವನ ದೇಶದವರಿಗೆ ಕೊಡೋ ಹಾಗಿಲ್ಲ, ಅವಳು ಮಕ್ಕಳಿಲ್ಲದೆ ಸತ್ತರೆ ಅವನಿಗೆ ಇಲ್ಲಿ ಏನೂ ಹಕ್ಕಿಲ್ಲ.

ಅವಳಿಗೆ ಮಕ್ಕಳಾಗಲಿಲ್ಲ. 1555ರಲ್ಲಿ ಗರ್ಭಿಣಿ ಅಂತ ತಿಂಗಳುಗಟ್ಟಲೆ ಕಾದರು, ತೊಟ್ಟಿಲು ತಯಾರಾಯಿತು, ಮಗು ಇರಲಿಲ್ಲ. 1558ರ ನವೆಂಬರ್ 17ಕ್ಕೆ ಸತ್ತಳು. ಅವಳು ಗುದ್ದಾಡಿ ಮಾಡಿಟ್ಟ ದಾರಿಯಲ್ಲಿ ಅದೇ ದಿನ ತಂಗಿ ಎಲಿಜಬೆತ್ ನಡೆದು ಬಂದಳು.

ಆ ವರ್ಷವೇ ಜಾನ್ ನಾಕ್ಸ್ ಅನ್ನೋ ಪ್ರೊಟೆಸ್ಟೆಂಟ್ ಬೋಧಕ ಜಿನೀವಾದಲ್ಲಿ ಕೂತು, ಹೆಣ್ಣು ಆಳೋದೇ ಪ್ರಕೃತಿಗೆ ವಿರುದ್ಧ ಅಂತ ಒಂದು ಪುಸ್ತಕ ಬರೆದಿದ್ದ. ಅವನ ಗುರಿ ಕ್ಯಾಥೊಲಿಕ್ ಮೇರಿ. ಪುಸ್ತಕ ಹೊರಬಂದ ಕೆಲವೇ ತಿಂಗಳಲ್ಲಿ ಮೇರಿ ಸತ್ತು, ಪ್ರೊಟೆಸ್ಟೆಂಟ್ ಎಲಿಜಬೆತ್ ಪಟ್ಟಕ್ಕೆ ಬಂದಳು. ಈಗ ನಾಕ್ಸ್‌ಗೆ ಇಂಗ್ಲೆಂಡ್ ದಾಟಿ ಊರಿಗೆ ಹೋಗಬೇಕು. ಎಲಿಜಬೆತ್ ದಾರಿ ಕೊಡಲಿಲ್ಲ. ಸಮುದ್ರದ ಮೇಲೆ ಸುತ್ತಿ ಹೋದ.

ಎಲಿಜಬೆತ್ 44 ವರ್ಷ ಆಳಿದಳು. ಮದುವೆಯಾಗಿ, ವಾರಸುದಾರನನ್ನು ಕೊಡಿ ಅಂತ ಪಾರ್ಲಿಮೆಂಟ್ ಮತ್ತೆ ಮತ್ತೆ ಕೇಳಿತು. ಸಂಬಂಧಿಕರ ಮದುವೆ ಮನೆಯಲ್ಲಿ ನಮ್ಮನ್ನು ಕೇಳ್ತಾರಲ್ಲ, ಹಾಗೆ. ಅವಳು ಆಗಲ್ಲ ಅಂತಲೂ ಹೇಳಲಿಲ್ಲ, ಆಗ್ತೀನಿ ಅಂತಲೂ ಹೇಳಲಿಲ್ಲ. ಗಂಡ ಬಂದರೆ ಯಜಮಾನ ಬಂದ ಹಾಗೆ ಅನ್ನೋದನ್ನು ಅಕ್ಕನ ಮದುವೆಯಲ್ಲಿ ನೋಡಿದ್ದಳು. ತನ್ನ ನಂತರ ಯಾರು ಅಂತ ಹೆಸರು ಹೇಳಿದರೆ ಎಲ್ಲರೂ ಆ ಕಡೆ ಸಾಲು ನಿಲ್ತಾರೆ ಅನ್ನೋದೂ ಗೊತ್ತಿತ್ತು. 1600ರ ಡಿಸೆಂಬರ್ 31ರಂದು ಲಂಡನ್‌ನ ಕೆಲವು ವ್ಯಾಪಾರಿಗಳಿಗೆ ಪೂರ್ವ ದೇಶಗಳ ಜೊತೆ ವ್ಯಾಪಾರ ಮಾಡೋಕೆ ಒಂದು ಸನ್ನದು ಕೊಟ್ಟಳು. ಅದೇ ಈಸ್ಟ್ ಇಂಡಿಯಾ ಕಂಪನಿ. ಆ ಕಾಗದ ಮುಂದೆ ಶ್ರೀರಂಗಪಟ್ಟಣದ ಕೋಟೆ ಬಾಗಿಲವರೆಗೂ ಬಂತು.

ಇವತ್ತು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅಕ್ಕ ತಂಗಿ ಒಂದೇ ಸಮಾಧಿಯಲ್ಲಿದ್ದಾರೆ. ಮೇಲೆ ಮಲಗಿರೋ ಪ್ರತಿಮೆ ಎಲಿಜಬೆತ್‌ಳದ್ದು ಮಾತ್ರ. ಮೇರಿಗೆ ಕೆಳಗೆ ಒಂದು ಸಾಲು.

*

ಮುಂದಿನ ಇಬ್ಬರು ಸ್ಟುವರ್ಟ್ ವಂಶದ ಅಕ್ಕ ತಂಗಿ. 1688ರಲ್ಲಿ ಎರಡನೇ ಜೇಮ್ಸ್‌ನನ್ನು ಓಡಿಸಿದಾಗ ಹಕ್ಕು ಇದ್ದದ್ದು ಅವನ ದೊಡ್ಡ ಮಗಳು ಎರಡನೇ ಮೇರಿಗೆ. ಅವಳ ಗಂಡ ಡಚ್ಚರ ವಿಲಿಯಂ, ಹೆಂಡತಿಯ ಸೆರಗಿನ ಹಿಂದೆ ನಿಲ್ಲೋದಾದರೆ ವಾಪಸ್ ಹೋಗ್ತೀನಿ ಅಂದ. ಕೊನೆಗೆ ಇಬ್ಬರಿಗೂ ಒಟ್ಟಿಗೆ ಪಟ್ಟ ಕಟ್ಟಿದರು, ಆದರೆ ಆಡಳಿತದ ಅಧಿಕಾರ ಅವನೊಬ್ಬನಿಗೆ. ಜಾಯಿಂಟ್ ಅಕೌಂಟ್, ಪಾಸ್‌ವರ್ಡ್ ಗಂಡನ ಹತ್ತಿರ! ಅವನು ಯುದ್ಧಕ್ಕೆ ಹೋದಾಗಲೆಲ್ಲ ದೇಶ ನಡೆಸಿದವಳು ಅವಳೇ, ಬಂದ ತಕ್ಷಣ ವಾಪಸ್ ಒಪ್ಪಿಸುತ್ತಿದ್ದಳು. 1694ರಲ್ಲಿ ಸಿಡುಬಿನಿಂದ 32ನೇ ವಯಸ್ಸಿಗೆ ತೀರಿಕೊಂಡಳು.

ತಂಗಿ ಆ್ಯನ್ ಕಥೆ ಓದುವಾಗ ಗಂಟಲು ಕಟ್ಟುತ್ತೆ. ಹದಿನೇಳು ಸಲ ಗರ್ಭಿಣಿ. ಎಳೆತನ ದಾಟಿದ್ದು ಒಬ್ಬನೇ ಮಗ, ಅವನೂ 1700ರಲ್ಲಿ ಹನ್ನೊಂದು ತುಂಬಿದ ಕೆಲವೇ ದಿನಕ್ಕೆ ಹೋದ. ಎರಡು ವರ್ಷದ ನಂತರ ಅವಳು ರಾಣಿಯಾದಾಗ ನಡೆಯೋಕಾಗದೆ ಪಟ್ಟಾಭಿಷೇಕಕ್ಕೆ ಕುರ್ಚಿಯಲ್ಲಿ ಹೊತ್ತುಕೊಂಡು ಹೋದರು. ಅಂಥ ಆ್ಯನ್ ಕಾಲದಲ್ಲೇ, 1707ರಲ್ಲಿ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೇರಿ ಒಂದೇ ದೇಶವಾಯಿತು. ಪಾರ್ಲಿಮೆಂಟ್ ಪಾಸು ಮಾಡಿದ ಮಸೂದೆಗೆ ಒಪ್ಪಿಗೆ ಇಲ್ಲ ಅಂದ ಕೊನೆಯ ದೊರೆಯೂ ಅವಳೇ, 1708ರಲ್ಲಿ. ಆಮೇಲೆ ಯಾವ ಗಂಡು ರಾಜನೂ ಆ ಧೈರ್ಯ ಮಾಡಿಲ್ಲ.

ಇನ್ನು ವಿಕ್ಟೋರಿಯಾ. ಕಬ್ಬನ್ ಪಾರ್ಕಿನ ಮೂಲೆಯಲ್ಲಿ, ಎಂ.ಜಿ. ರಸ್ತೆ ಕಡೆ ತಿರುಗೋ ಹತ್ತಿರ, ಅವಳ ಅಮೃತಶಿಲೆ ಪ್ರತಿಮೆ ನೀವು ನೋಡಿರ್ತೀರಿ. 1906ರಲ್ಲಿ ಅವಳ ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದವನು, ಬೆಂಗಳೂರಿಗೆ ಬಂದಾಗ ಅನಾವರಣ ಮಾಡಿದ್ದು. ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಾಗ ನನಗೆ ಅವಳ ಬಗ್ಗೆ ನೆನಪಾಗೋದು ಸಾಮ್ರಾಜ್ಯ ಅಲ್ಲ, ಹ್ಯಾನೋವರ್.

1714ರಿಂದ ಬ್ರಿಟನ್ ಮತ್ತು ಜರ್ಮನಿಯ ಹ್ಯಾನೋವರ್ ಎರಡಕ್ಕೂ ಒಬ್ಬನೇ ದೊರೆ. 1837ರ ಜೂನ್ 20ರಂದು ದೊಡ್ಡಪ್ಪ ಸತ್ತಾಗ ಹದಿನೆಂಟರ ವಿಕ್ಟೋರಿಯಾ ಬ್ರಿಟನ್ನಿನ ರಾಣಿಯಾದಳು. ಆದರೆ ಹ್ಯಾನೋವರ್‌ನಲ್ಲಿ ಗಂಡು ಇರೋವರೆಗೂ ಹೆಣ್ಣಿಗೆ ಪಟ್ಟವಿಲ್ಲ. ಅದು ಚಿಕ್ಕಪ್ಪನಿಗೆ ಹೋಯಿತು. ಒಂದೇ ಸಾವು, ಒಂದೇ ರಕ್ತ, ಅದೇ ಹುಡುಗಿ. ಸಮುದ್ರದ ಈ ಕಡೆ ವಾರಸುದಾರಳು, ಆ ಕಡೆ ಯಾರೂ ಅಲ್ಲ. ಹಕ್ಕು ಅನ್ನೋದು ಹುಟ್ಟಿನಿಂದ ಬರುತ್ತೆ ಅಂತ ನಾವು ಹೇಳ್ತೀವಿ. ಅದು ಯಾವ ರಿಜಿಸ್ಟರಿನಲ್ಲಿ ಬರೆದಿದೆ ಅನ್ನೋದರ ಮೇಲೆ ಬರುತ್ತೆ.

ಅವಳು ಇಷ್ಟಪಟ್ಟ ಆಲ್ಬರ್ಟ್‌ಗೆ ಮದುವೆ ಪ್ರಸ್ತಾಪ ಮಾಡಿದವಳು ಅವಳೇ. ರಾಣಿಯನ್ನು ಯಾರೂ ಕೇಳೋ ಹಾಗಿರಲಿಲ್ಲ. 1858ರಿಂದ ಭಾರತ ಅವಳ ಹೆಸರಿನಲ್ಲಿ ಆಳಿಸಿಕೊಂಡಿತು. ಆದರೆ ಅವಳದೇ ಊರಿನ ಮದುವೆಯಾದ ಹೆಣ್ಣೊಬ್ಬಳು ಗಂಡನ ಹಂಗಿಲ್ಲದೆ ಪೂರ್ತಿಯಾಗಿ ಸ್ವಂತ ಆಸ್ತಿ ಇಟ್ಟುಕೊಳ್ಳೋಕೆ 1882ರ ಕಾಯ್ದೆವರೆಗೂ ಕಾಯಬೇಕಾಯಿತು. ಹೆಣ್ಣುಮಕ್ಕಳ ಹಕ್ಕಿನ ಹೋರಾಟ ಕಂಡರೆ ಸ್ವತಃ ವಿಕ್ಟೋರಿಯಾಗೆ ಆಗುತ್ತಿರಲಿಲ್ಲ. ತುದಿಯಲ್ಲಿ ಒಬ್ಬಳು ಕೂತರೆ ಕೆಳಗಿದ್ದವರೆಲ್ಲ ಮೇಲೆ ಬಂದರು ಅಂತ ಅರ್ಥ ಅಲ್ಲ.

ನಮ್ಮ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಅವಳ ಆಳ್ವಿಕೆಗೆ 60 ವರ್ಷ ತುಂಬಿದ ನೆನಪಿಗೆ ಕಟ್ಟಿದ್ದು. 1897ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವರು ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಗಂಡ ತೀರಿಕೊಂಡ ಮೇಲೆ ಮಗ ದೊಡ್ಡವನಾಗೋವರೆಗೆ, 1902ರ ತನಕ, ಮೈಸೂರನ್ನು ನಡೆಸಿದವರು. ರೀಜೆಂಟ್ ಅಂತ, ಮಗನ ಪರವಾಗಿ. ಆ ಕಲ್ಲಿನ ಮೇಲಿದ್ದ ಒಬ್ಬ ಹೆಣ್ಣಿನ ಹೆಸರಿಗೆ ಸ್ವಂತ ಹಕ್ಕಿತ್ತು, ಕಲ್ಲಿಟ್ಟವರಿಗೆ ಇರಲಿಲ್ಲ.

*

1952ರ ಫೆಬ್ರವರಿ 6ರಂದು ಕೀನ್ಯಾದಲ್ಲಿದ್ದಾಗ ಎರಡನೇ ಎಲಿಜಬೆತ್ ರಾಣಿಯಾದಳು. ಅಪ್ಪ ಸಾಯೋ ಘಳಿಗೆವರೆಗೂ ಅವಳು ಕಾನೂನಿನ ಕಣ್ಣಲ್ಲಿ ಖಾಯಂ ವಾರಸುದಾರಳಲ್ಲ. ಯಾವಾಗಲಾದರೂ ತಮ್ಮ ಹುಟ್ಟಿದರೆ ಅವನು ಮುಂದೆ ಹೋಗ್ತಿದ್ದ. ಅವಳ ಮಗಳು ಆ್ಯನ್‌ಗೆ ಆದದ್ದೇ ಅದು. 1950ರಲ್ಲಿ ಹುಟ್ಟಿದವಳನ್ನು 1960ರಲ್ಲಿ ಹುಟ್ಟಿದ ತಮ್ಮ, 1964ರಲ್ಲಿ ಹುಟ್ಟಿದ ಇನ್ನೊಬ್ಬ ತಮ್ಮ ಹಿಂದಕ್ಕೆ ತಳ್ಳಿದರು.

ಈ ನಿಯಮ ಬದಲಾದದ್ದು 2013ರ ಕಾಯ್ದೆಯಿಂದ, ಜಾರಿಗೆ ಬಂದದ್ದು 2015ರ ಮಾರ್ಚ್‌ನಲ್ಲಿ. ಗಂಡಾಗಲಿ ಹೆಣ್ಣಾಗಲಿ ಮೊದಲು ಹುಟ್ಟಿದವರು ಮೊದಲು. 2018ರಲ್ಲಿ ಲೂಯಿ ಹುಟ್ಟಿದಾಗ ಅಕ್ಕ ಷಾರ್ಲೆಟ್ ತನ್ನ ಜಾಗದಲ್ಲೇ ಉಳಿದಳು. ಆದರೆ ಒಂದು ಷರತ್ತು ಇದೆ. 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ ಮಾತ್ರ. ಆ್ಯನ್ ಇದ್ದಲ್ಲೇ ಇದ್ದಾಳೆ. ಹಳೇ ಡೇಟಾ ಮುಟ್ಟೋದು ಬೇಡ ಅಂತ ನಾವೂ ಮಾಡ್ತೀವಲ್ಲ, ಹಾಗೆ.

ಅದನ್ನು ಓದಿದಾಗ ನಮ್ಮತ್ತೆ ನೆನಪಾದರು. ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಅಂತ ಕರ್ನಾಟಕದಲ್ಲಿ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ. ಆದರೆ ಅಷ್ಟೊತ್ತಿಗೆ ಮದುವೆಯಾದವರಿಗೆ ಅನ್ವಯಿಸಲ್ಲ ಅಂತಿತ್ತು. ಅತ್ತೆಗೆ ಮದುವೆಯಾಗಿ ಹತ್ತು ವರ್ಷ ಆಗಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸೋ ಹೊತ್ತಿಗೆ ಅವರೇ ಇರಲಿಲ್ಲ. ಅಕ್ಕನ ವಿಷಯದಲ್ಲಿ ಕಾನೂನು ಸರಿಯಾಗೇ ಇದೆ. ಅವಳ ಹೆಸರು ರಿಜಿಸ್ಟರಿನಲ್ಲಿದೆ. ಅದನ್ನು ತೆಗೆಯೋಕೆ ಹೊರಟವರು ನಾವು, ಸ್ವಇಚ್ಛೆಯಿಂದ ಅನ್ನೋ ಒಂದು ಪದ ಇಟ್ಟುಕೊಂಡು.

ಒಂದು ಭಾನುವಾರ ಧೈರ್ಯ ಮಾಡಿ ಅಕ್ಕನಿಗೆ ಫೋನ್ ಮಾಡಿದೆ. ಮಕ್ಕಳ ಸ್ಕೂಲು, ಮಾವನ ಶುಗರ್ ಎಲ್ಲ ಮಾತಾಡಿ ಆದಮೇಲೆ ಕೇಳಿದೆ. "ಅಕ್ಕ, ತೋಟದಲ್ಲಿ ನಿಂಗೆ ಪಾಲು ಬೇಕಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸೈನ್ ಹಾಕೋದೇನು ಕಷ್ಟ ಅಲ್ಲ ಕಣೋ. ನೀವಿಬ್ರೂ ಚೆನ್ನಾಗಿರ್ಲಿ ಅಂತಾನೇ ಬಂದಿದ್ದೆ. ಆದ್ರೆ ಅಪ್ಪನೂ ಕೇಳ್ಲಿಲ್ಲ, ಅಣ್ಣನೂ ಕೇಳ್ಲಿಲ್ಲ, ನೀನೂ ಪಕ್ಕದಲ್ಲೇ ನಿಂತು ಮೊಬೈಲ್ ನೋಡ್ತಿದ್ದೆ. ಬೇಕಾ ಅಂತ ಒಂದು ಮಾತು ಈಗ ಕೇಳ್ದಲ್ಲ, ಅದನ್ನ ಅವತ್ತು ಕೇಳ್ಬೇಕಿತ್ತು."

"ಬೇಕಾ?" ಅಂತ ಮತ್ತೆ ಕೇಳಿದೆ.

"ಯೋಚ್ನೆ ಮಾಡಿ ಹೇಳ್ತೀನಿ" ಅಂದಳು. ಹಾಗಂದದ್ದು ನನಗೆ ಇಷ್ಟವಾಯಿತು.

ಅಪ್ಪನಿಗೆ ಹೇಳಿದ್ದೀನಿ, ಅಕ್ಕ ಹೇಳೋವರೆಗೂ ಆ ಪತ್ರಕ್ಕೆ ನಾನು ಸಹಿ ಹಾಕಲ್ಲ ಅಂತ. ಅಣ್ಣನಿಗೆ ಸಿಟ್ಟು ಬಂದಿದೆ. "ಬೆಂಗ್ಳೂರಲ್ಲಿ ಸಂಬಳ ಬರೋನಿಗೆ ಇದೆಲ್ಲ ಸುಲಭ" ಅಂದ. ಅದರಲ್ಲೂ ನಿಜ ಇದೆ. ತೋಟಕ್ಕೆ ನೀರು ಹಾಯಿಸೋನು ಅವನು, ನಾನಲ್ಲ. ಅಪ್ಪ "ನೋಡಾಣ ಬಿಡು" ಅಂದಿದ್ದಾರೆ.

ಯುಗಾದಿಗೆ ಊರಿಗೆ ಹೋಗ್ತಿದ್ದೀನಿ. ಅಕ್ಕನೂ ಬರ್ತಾಳೆ. ಈ ಸಲ ಮೊದಲು ನಾಲ್ಕು ಜನ ಕೂತು ಮಾತಾಡೋದು. ಪತ್ರ ಆಮೇಲೆ.